ಪ್ರೋಟೀನ್ ಪುಡಿಯ ನಿಯಮದ ಬಗ್ಗೆ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ಮೈ ಬೆಳೆಸಲು ಕುಡಿಯುವ ಪ್ರೋಟೀನ್ ಪುಡಿ, ಅದನ್ನು ಕಲಕುವ ಶೇಕರ್ ಬಾಟಲಿ ಶಾಲೆಗೆ ತರಬಾರದು ಎಂಬ ಹೊಸ ನಿಯಮಕ್ಕೆ ಕೆಲವರು ಬೇಸರ ಮಾಡಿಕೊಂಡಿದ್ದೀರಿ. "ಹುಡುಗ ಜಿಮ್‌ಗೆ ಹೋದರೆ ನಿಮಗೇನು ಕಷ್ಟ? ಬೀಡಿ ಸಿಗರೇಟು ಸೇದ್ತಿದ್ದಾನಾ?" ಎಂದು ಒಬ್ಬ ತಂದೆ ಕೇಳಿದರು. ನ್ಯಾಯವಾದ ಪ್ರಶ್ನೆ. ಜಿಮ್‌ಗೆ ನಮ್ಮ ವಿರೋಧ ಇಲ್ಲ. ನಮ್ಮ ಕಬಡ್ಡಿ ಹುಡುಗರು ಬೆಳಿಗ್ಗೆ ಆರಕ್ಕೇ ಮೈದಾನಕ್ಕೆ ಇಳಿಯುವುದನ್ನು ನೋಡಿದರೆ ನನಗೂ ಖುಷಿ.

ಆದರೆ ಕಂಡದ್ದನ್ನು ಹೇಳಲೇಬೇಕು. ಕಳೆದ ಮಾರ್ಚ್‌ನ ಸೆಕೆಯಲ್ಲಿ ಒಬ್ಬ ಹುಡುಗ ಯೂನಿಫಾರ್ಮ್ ಒಳಗೆ ಎರಡು ಟೀ ಶರ್ಟ್ ಹಾಕಿಕೊಂಡು ಬರುತ್ತಿದ್ದ. ಬೆನ್ನೆಲ್ಲ ಒದ್ದೆ. ಯಾಕೆ ಮಾರಾಯ ಎಂದರೆ, "ತೋಳು ಸ್ವಲ್ಪ ದಪ್ಪ ಕಾಣ್ತದೆ ಸಾರ್" ಎಂದ. ಪ್ರತಿ ವರ್ಷ ಕೃಷ್ಣಾಷ್ಟಮಿಯ ವಿಟ್ಲಪಿಂಡಿಗೆ ಹುಲಿವೇಷ ಹಾಕುತ್ತಿದ್ದವನು ಈ ಸಲ ಒಲ್ಲೆ ಎಂದ. ಬರಿಮೈಗೆ ಬಣ್ಣ ಹಾಕಿಸಿಕೊಳ್ಳಲು ನಾಚಿಕೆಯಂತೆ. ನಮ್ಮ ಕಣ್ಣಿಗೆ ಗಟ್ಟಿಮುಟ್ಟಾದ ಹುಡುಗ, ಕನ್ನಡಿ ಮುಂದೆ ನಿಂತರೆ ಅವನಿಗೆ ಕಾಣುವುದು ಒಣಕಲು ಕಡ್ಡಿ. ಅವನನ್ನೂ ಮನೆಯವರನ್ನೂ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಯಾರೆಂದು ಹುಡುಕಬೇಡಿ.

ಎಷ್ಟು ಮೈ ಬೆಳೆದರೂ ಸಣಕಲು ಎಂದೇ ಕೊರಗುವ ಈ ತೊಂದರೆಗೆ ಮಸಲ್ ಡಿಸ್ಮಾರ್ಫಿಯಾ ಎನ್ನುತ್ತಾರೆ. ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು 1997ರಲ್ಲಿ ಇಟ್ಟ ಹೆಸರು. ಈ ಹುಡುಗನಿಗೆ ಅದೇ ಇದೆ ಎನ್ನಲು ನಾನು ಡಾಕ್ಟರಲ್ಲ. ಆದರೆ ಸುಮ್ನೆ ವಯಸ್ಸಿನ ಶೋಕಿ ಎಂದು ಬಿಟ್ಟುಬಿಡಲು ಮನಸ್ಸು ಒಪ್ಪುತ್ತಿಲ್ಲ.

ಮತ್ತೆ ಹೇಳುತ್ತೇನೆ, ಜಿಮ್ ತಪ್ಪಲ್ಲ. ಪುಡಿಯೆಲ್ಲ ವಿಷವೂ ಅಲ್ಲ. ಪುಡಿ ಸಾಲದು ಎನಿಸಿದ ದಿನ ಮೈ ಬೆಳೆಸುವ ಸ್ಟೀರಾಯ್ಡ್ ಇಂಜೆಕ್ಷನ್ ತೋರಿಸುವವರು ಸಿಗುತ್ತಾರೆ, ನನ್ನ ಭಯ ಅದು. ಬೆಳೆಯುವ ವಯಸ್ಸಿನಲ್ಲಿ ಅದನ್ನು ತೆಗೆದುಕೊಂಡರೆ ಮೂಳೆಯ ಬೆಳವಣಿಗೆ ಬೇಗ ನಿಂತು ಹುಡುಗ ಗಿಡ್ಡವಾಗಿಯೇ ಉಳಿಯಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕದಲ್ಲಿ 60 ಕೆಜಿ ತೂಕದ ದೊಡ್ಡವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಸಾಕು. ಬಂಗುಡೆ, ಮೊಟ್ಟೆ, ಹೆಸರುಕಾಳು, ಮೊಸರು ನಮ್ಮ ಮನೆಗಳಲ್ಲೇ ಇದೆ ಅಲ್ವಾ?

ಎಲ್ಲರೆದುರು ಹುಡುಗರ ಬ್ಯಾಗ್‌ನಿಂದ ಪುಡಿ ಡಬ್ಬಿ ತೆಗೆಸಿದ್ದು ನಮ್ಮ ತಪ್ಪು. ಕ್ಷಮಿಸಿ, ಇನ್ನು ಹಾಗೆ ಆಗುವುದಿಲ್ಲ. ನಿಯಮ ಮಾತ್ರ ಇರುತ್ತದೆ.

ನಿಮ್ಮಲ್ಲಿ ಕೇಳುವುದು ಇಷ್ಟೇ: ನೆಂಟರ ಮುಂದೆ ಮಗನನ್ನು ತಮಾಷೆಗೂ "ಕಡ್ಡಿ", "ಡುಮ್ಮ" ಎನ್ನಬೇಡಿ.

ಮಾತಾಡಬೇಕು ಎನಿಸಿದರೆ ಶನಿವಾರ ತರಗತಿ ಮುಗಿದ ಮೇಲೆ ಬನ್ನಿ, ನಾನು ಕಚೇರಿಯಲ್ಲೇ ಇರುತ್ತೇನೆ. ಶಾಲೆಯವರ ಹತ್ತಿರ ಬೇಡ ಎನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ನಿಮ್ಮ,
ಮುಖ್ಯೋಪಾಧ್ಯಾಯ
ಉಡುಪಿ