ವಾಲ್ವ್ ಎಲ್ಲಿದೆ ಎಂದು ಮಾಲೀಕನಿಗೇ ತಿಳಿಯದ ಸಿಎನ್‌ಜಿ ಕಾರು

ಮಾನ್ಯ ಸಂಪಾದಕರೆ,

ಹೊರಗಿನ ಗ್ಯಾರೇಜಿನಲ್ಲಿ ಕಿಟ್ ಕೂಡಿಸಿದ್ದ ಹಳೆಯ ಸಿಎನ್‌ಜಿ ಕಾರೊಂದನ್ನು ಕಳೆದ ವರ್ಷ ಕೊಂಡೆ. ಒಂದು ರಾತ್ರಿ ಮನೆಯ ಶೆಡ್ಡಿನಲ್ಲಿ ಗ್ಯಾಸ್ ವಾಸನೆ ಬಂದಾಗ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಡಿಕ್ಕಿಯಲ್ಲಿರುವ ವಾಲ್ವನ್ನು ಬಲಕ್ಕೆ ತಿರುಗಿಸಿ ಮುಚ್ಚಿ ಎಂದು ಅವರು ಹೇಳಿದರು. ಬ್ಯಾಗು, ಹಳೆಯ ಚಾಪೆ, ರಟ್ಟಿನ ಹಲಗೆ ಎಲ್ಲವನ್ನೂ ಹೊರಗೆಳೆದರೂ ಸಿಲಿಂಡರಿನ ಗುಂಡು ಬೆನ್ನಷ್ಟೇ ಕಂಡಿತು. ಸೋರಿದ ಅನಿಲ ಹೊರಗೆ ಹೋಗಲೆಂದು ವಾಲ್ವಿಗೆ ಹೊದಿಸಿದ್ದ ಪ್ಲಾಸ್ಟಿಕ್ ಚೀಲದೊಳಗೆ, ಹಿಂದಿನ ಸೀಟಿನ ಕಡೆಗೆ ಮುಖ ಮಾಡಿಕೊಂಡು ಆ ತಿರುಪು ಅಡಗಿತ್ತು. ಅದು ಕೈಗೆ ಸಿಗಲು ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಮೊಬೈಲ್ ಟಾರ್ಚ್ ಹಿಡಿದೇ ಹುಡುಕಿದ್ದು ನನ್ನದೇ ತಪ್ಪು, ಒಪ್ಪುತ್ತೇನೆ. ಮರುದಿನ ಸೋಪಿನ ನೀರು ಹಚ್ಚಿದಾಗ ನೊರೆ ಎದ್ದದ್ದು ಡಿಕ್ಕಿಯಲ್ಲಲ್ಲ, ಬಾನೆಟ್ಟಿನೊಳಗೆ ಅನಿಲದ ಒತ್ತಡ ತಗ್ಗಿಸುವ ರೆಡ್ಯೂಸರಿನ ಜೋಡಣೆಯಲ್ಲಿ.

ಸುಮಾರು 200 ಬಾರ್ ಒತ್ತಡದಲ್ಲಿ ತುಂಬಿದ ಅನಿಲವು ಸಿಲಿಂಡರಿನಿಂದ ಕಾರಿನ ಅಡಿಯ ಉಕ್ಕಿನ ಸಣ್ಣ ಕೊಳವೆಯ ಮೂಲಕ ಮುಂದಕ್ಕೆ ಬಂದು, ರೆಡ್ಯೂಸರಿನಲ್ಲಿ ಕೆಲವೇ ಬಾರ್‌ಗೆ ಇಳಿದು, ಅಲ್ಲಿಂದ ಎಂಜಿನ್ನಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರುಗಳಿಗೆ ಹೋಗುತ್ತದೆ. ಒತ್ತಡ ಇಳಿಯುವಾಗ ಅನಿಲ ತಣ್ಣಗಾಗುವುದರಿಂದ ಎಂಜಿನ್ನನ್ನು ತಣಿಸಿ ಬಿಸಿಯಾದ ದ್ರವವನ್ನು (ಕೂಲಂಟ್) ರೆಡ್ಯೂಸರಿನ ಸುತ್ತ ಹಾಯಿಸಿರುತ್ತಾರೆ. ನನ್ನ ಕಾರಿನಂಥ ಹಲವು ಕಿಟ್‌ಗಳಲ್ಲಿ ಕೀಲಿ ತೆಗೆದ ಮೇಲೂ ಆ ಕೊಳವೆಯ ಉದ್ದಕ್ಕೂ ಒತ್ತಡ ಉಳಿದಿರುವುದರಿಂದ, ಸೋರಿಕೆ ಮುಂದುಗಡೆಯಾದರೂ ಅದನ್ನು ತಡೆಯುವ ಕೈತಿರುಪು ಇರುವುದು ಹಿಂದುಗಡೆ.

ಇವೆಲ್ಲ ಪ್ರತಿ ಕಾರಿನಲ್ಲೂ ಒಂದೇ ಜಾಗದಲ್ಲಿ ಇರುವುದಿಲ್ಲ. ಹಳೆಯ ಕಿಟ್‌ಗಳಲ್ಲಿ ಅನಿಲ ತುಂಬುವ ಮೂತಿ ಸಾಮಾನ್ಯವಾಗಿ ಬಾನೆಟ್ಟಿನ ಕೆಳಗಿದ್ದರೆ, ಕಂಪನಿಯಿಂದಲೇ ಬರುವ ಹಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಪಕ್ಕದಲ್ಲೇ ಇರುತ್ತದೆ. 2023ರಲ್ಲಿ ಬಂದ ಟಾಟಾ ಆಲ್ಟ್ರೋಜ್ ಸಿಎನ್‌ಜಿಯಲ್ಲಿ ಒಂದು ದೊಡ್ಡ ಸಿಲಿಂಡರಿನ ಬದಲು ಎರಡು ಚಿಕ್ಕವನ್ನು ಡಿಕ್ಕಿಯ ತಳದ ಹಲಗೆಯ ಕೆಳಗೆ ಇಟ್ಟಿದ್ದಾರೆ. ಸಾಮಾನು ಇಡಲು ಜಾಗ ಉಳಿಯುತ್ತದೆ, ನಿಜ. ಆದರೆ ಡಿಕ್ಕಿ ತೆರೆದು ನೋಡಿದ ಅಪರಿಚಿತನಿಗೆ ಅಲ್ಲೊಂದು ಸಿಲಿಂಡರ್ ಇದೆ ಎಂಬುದೇ ಹೊಳೆಯುವುದಿಲ್ಲ.

ಸಿಲಿಂಡರನ್ನು 3 ವರ್ಷಕ್ಕೊಮ್ಮೆ ಹೈಡ್ರೋ ಪರೀಕ್ಷೆಗೆ (ನೀರು ತುಂಬಿ ಒತ್ತಡ ಕೊಟ್ಟು ನೋಡುವ ಪರೀಕ್ಷೆ) ಒಳಪಡಿಸಬೇಕೆಂಬ ನಿಯಮವಿದೆ, ಆ ದಿನಾಂಕದ ಫಲಕವೂ ಕಾರಿನಲ್ಲಿರುತ್ತದೆ. ಹಾಗೆಯೇ ಸಿಲಿಂಡರ್, ಕೈವಾಲ್ವ್, ಕೊಳವೆಯ ದಾರಿ ಮತ್ತು ರೆಡ್ಯೂಸರ್ ಆಯಾ ಕಾರಿನಲ್ಲಿ ಎಲ್ಲಿವೆ ಎಂದು ತೋರಿಸುವ, ವಾಲ್ವನ್ನು ಯಾವ ಕಡೆಗೆ ತಿರುಗಿಸಬೇಕೆಂದು ಬಾಣದ ಗುರುತಿರುವ, ಕನ್ನಡದಲ್ಲೇ ಬರೆದ ಒಂದು ರೇಖಾಚಿತ್ರವನ್ನು ಡಿಕ್ಕಿಯ ಬಾಗಿಲಿನ ಒಳಬದಿಗೆ ಅಂಟಿಸುವುದನ್ನೂ ಸಾರಿಗೆ ಇಲಾಖೆ ಕಡ್ಡಾಯಗೊಳಿಸಬೇಕು. ಅಪಘಾತದ ಸ್ಥಳಕ್ಕೆ ಬರುವ ಅಗ್ನಿಶಾಮಕ ಸಿಬ್ಬಂದಿಗೂ ಕೆಟ್ಟ ಕಾರನ್ನು ಎಳೆದೊಯ್ಯುವವರಿಗೂ ಅದು ಬೇಕು. ಆರ್‌ಸಿಯಲ್ಲಿ ಸಿಎನ್‌ಜಿ ಎಂದು ನಮೂದಿಸುವಾಗಲೂ ಹಳೆಯ ಕಾರು ಕೈ ಬದಲಾಗುವಾಗಲೂ ಆ ಚಿತ್ರ ಇದೆಯೇ ಎಂದು ಆರ್‌ಟಿಒ ಕಚೇರಿಯವರು ಡಿಕ್ಕಿ ತೆರೆಸಿ ನೋಡಲಿ.

— ಓದುಗ, ತುಮಕೂರು