ಗುಂಡಿ ಕಿತ್ತ ಕೋಟು

ಪ್ರಿಯ ದ್ವಾರಪಾಲಕ,

ಹೀಗೆ ಎಲ್ಲರೂ ಓದುವ ಜಾಗದಲ್ಲಿ ಪತ್ರ ಬರೆಯುವುದು ನಿನಗೆ ಹಿಡಿಸುವುದಿಲ್ಲ, ಗೊತ್ತು. ಆದರೆ ನಿನಗೊಬ್ಬನಿಗೇ ಬರೆದರೆ ನೀನು ಉತ್ತರಿಸುವವನಲ್ಲ. ನಾಲ್ಕು ಜನ ನೋಡುತ್ತಿದ್ದರೆ ಮರ್ಯಾದೆಗಾದರೂ ಎರಡು ಸಾಲು ಗೀಚುತ್ತೀಯೆ. ಮೀಸೆಯ ವಿಷಯ ಎತ್ತುವುದಿಲ್ಲ, ಹೆದರಬೇಡ.

ಎರಡನೆಯ ಮಹಾಯುದ್ಧದಲ್ಲಿ ಟೋಕಿಯೊ ಮೇಲೆ ಬಾಂಬು ಹಾಕಿದ ಅಮೆರಿಕದ ವಿಮಾನ ಚಾಲಕ, ನಿನ್ನ ಆ ಡೂಲಿಟಲ್‌ನ ಕಥೆಯನ್ನು ಕೊನೆಗೂ ಓದಿದೆ. ಹಾಸ್ಟೆಲಿನ ಗೋಡೆಗೆ ನೀನು ಅನ್ನದ ಅಗುಳಿನಿಂದ ಅಂಟಿಸಿದ್ದ ಬಿ-25 ಬಾಂಬರ್ ವಿಮಾನದ ಚಿತ್ರದ ಕೆಳಗೆ ಎರಡು ವರ್ಷ ಮಲಗಿದವನು ನಾನು. ಅದನ್ನು ಹಾರಿಸಿದವನು ಯಾರೆಂದು ಒಮ್ಮೆಯೂ ಕೇಳಿರಲಿಲ್ಲ. ಊಟದ ಸಾಲಿನಲ್ಲಿ ನಿಂತು ನೀನು ಹೇಳುತ್ತಲೇ ಇದ್ದೆ. 1942ರ ಏಪ್ರಿಲ್ 18, ವಿಮಾನಗಳನ್ನು ಹೊತ್ತೊಯ್ದ ಹಾರ್ನೆಟ್ ಹಡಗು, 16 ವಿಮಾನ, 80 ಜನ. ಜಪಾನಿನ ಕಾವಲು ದೋಣಿಯೊಂದರ ಕಣ್ಣಿಗೆ ಬಿದ್ದದ್ದರಿಂದ ಗೊತ್ತುಮಾಡಿದ್ದ ಹೊತ್ತಿಗಿಂತ ಸುಮಾರು ಹತ್ತು ಗಂಟೆ ಮೊದಲೇ ಹಾರಬೇಕಾಯಿತು ಎಂದು ನೀನು ಕೈ ಆಡಿಸುತ್ತಿದ್ದರೆ ನಾನು ಸಾರಿನ ಸೌಟನ್ನೇ ನೋಡುತ್ತಿದ್ದೆ. ಹಿಂದೆ ಜಪಾನ್ ಅಮೆರಿಕದ ನಾವಿಕರಿಗೆ ಸ್ನೇಹದ ಗುರುತಾಗಿ ಕೊಟ್ಟಿದ್ದ ಪದಕಗಳನ್ನು ಹಡಗಿನ ಮೇಲೆ ಬಾಂಬುಗಳಿಗೆ ಕಟ್ಟಿದರಂತೆ. ಪಡೆದ ಸನ್ಮಾನವನ್ನು ಕೊಟ್ಟವರ ತಲೆಯ ಮೇಲೇ ಹಾಕುವ ಈ ವಿಧಾನ ನನಗೆ ಇತ್ತೀಚೆಗೆ ಬಹಳ ಹಿಡಿಸಿದೆ. ಯಾಕೆಂದು ಮುಂದೆ ಹೇಳುತ್ತೇನೆ.

ನೀನು ಹೇಳದೆ ಬಿಟ್ಟದ್ದು ಅದರ ಮುಂದಿನ ಕಥೆ. ಟೋಕಿಯೊ ಮೇಲೆ ಬಾಂಬು ಹಾಕಿಯಾಯಿತು. ಇಂಧನ ಮುಗಿದು, ಮಳೆಯ ಕತ್ತಲಲ್ಲಿ ಪ್ಯಾರಾಚೂಟ್ ಬಿಚ್ಚಿ ಡೂಲಿಟಲ್ ಇಳಿದದ್ದು ಚೀನಾದ ಒಂದು ಭತ್ತದ ಗದ್ದೆಗೆ. ಮನುಷ್ಯರ ಮಲವನ್ನೇ ಗೊಬ್ಬರವಾಗಿ ಹಾಕಿದ್ದ ಗದ್ದೆ. ಅಮೆರಿಕದ ಎಂ.ಐ.ಟಿ. ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿದ, 1929ರಲ್ಲಿ ಹೊರಗೆ ಏನೂ ಕಾಣದಂತೆ ಮುಚ್ಚಿಕೊಂಡು ಬರೀ ಉಪಕರಣ ನೋಡಿ ವಿಮಾನ ಹಾರಿಸಿ ಇಳಿಸಿದ ನಲವತ್ತೈದರ ಮನುಷ್ಯ ಅಂಥ ಕೆಸರಿನಿಂದ ಎದ್ದು ಒಂದು ಮನೆಯ ಬಾಗಿಲು ತಟ್ಟಿದರೆ, ಒಳಗಿನವರು ದೀಪ ಆರಿಸಿ ಅಗುಳಿ ಹಾಕಿಕೊಂಡರು.

ಮರುದಿನ ಅವನು, ಅವನ ವಿಮಾನದ ಮೆಕ್ಯಾನಿಕ್ ಪಾಲ್ ಲಿಯೊನಾರ್ಡ್, ಇಬ್ಬರೂ ಗುಡ್ಡ ಹತ್ತಿ ಚೂರಾದ ವಿಮಾನದ ಹತ್ತಿರ ಹೋದರು. ಅವಶೇಷಗಳ ನಡುವೆ ಡೂಲಿಟಲ್‌ಗೆ ತನ್ನ ಸಮವಸ್ತ್ರದ ಕೋಟು ಸಿಕ್ಕಿತು. ಎಣ್ಣೆಯಲ್ಲಿ ತೊಯ್ದಿತ್ತು. ಹಿತ್ತಾಳೆಯ ಗುಂಡಿಗಳನ್ನೆಲ್ಲ ಯಾರೋ ಆಗಲೇ ಕಿತ್ತುಕೊಂಡು ಹೋಗಿದ್ದರು. ಅವನು ರೆಕ್ಕೆಯ ಪಕ್ಕದಲ್ಲಿ ಕುಸಿದು ಕುಳಿತ. ಹದಿನಾರರಲ್ಲಿ ತನ್ನ ವಿಮಾನವಂತೂ ಹೋಯಿತು, ಉಳಿದವೂ ಹೋಗಿರಬೇಕು, ಇನ್ನು ನನ್ನನ್ನು ವಿಚಾರಣೆಗೆ ಎಳೆದು ಲೆವನ್‌ವರ್ತ್ ಸೆರೆಮನೆಗೆ ಹಾಕುತ್ತಾರೆ ಎಂದ. ಲಿಯೊನಾರ್ಡ್ ಒಪ್ಪಲಿಲ್ಲ. ನಿಮ್ಮನ್ನು ಜನರಲ್ ಮಾಡುತ್ತಾರೆ, ದೊಡ್ಡ ಪದಕ ಕೊಡುತ್ತಾರೆ, ಇನ್ನೊಂದು ವಿಮಾನವನ್ನೂ ಕೊಡುತ್ತಾರೆ. ಆಗ ಅದರ ಮೆಕ್ಯಾನಿಕ್ ನಾನೇ ಆಗಬೇಕು ಎಂದ.

ಅವನು ಹೇಳಿದ್ದೆಲ್ಲ ಆಯಿತು. ಲೆಫ್ಟಿನೆಂಟ್ ಕರ್ನಲ್ ಆಗಿದ್ದವನು ಕರ್ನಲ್ ಮೆಟ್ಟಿಲನ್ನೇ ದಾಟಿ ಬ್ರಿಗೇಡಿಯರ್ ಜನರಲ್ ಆದ. ಮೇ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಶ್ವೇತಭವನದಲ್ಲಿ ಅಮೆರಿಕದ ಅತ್ಯುನ್ನತ ಸೇನಾ ಪದಕವಾದ ಮೆಡಲ್ ಆಫ್ ಆನರ್ ತೊಡಿಸಿದರು. ತನಗೆ ಅದರ ಅರ್ಹತೆಯಿಲ್ಲ, ಜೊತೆಗಿದ್ದವರೆಲ್ಲರೂ ಅಷ್ಟೇ ಅಪಾಯಕ್ಕೆ ಒಡ್ಡಿಕೊಂಡಿದ್ದರು ಎಂದು ಅವನು ತಕರಾರು ಮಾಡಿದ್ದನಂತೆ. ಮುಂದೆ ಹನ್ನೆರಡನೆಯ, ಹದಿನೈದನೆಯ, ಎಂಟನೆಯ ವಾಯುಪಡೆಗಳ ಮುಖ್ಯಸ್ಥ. 1985ರಲ್ಲಿ, ನಿವೃತ್ತನಾಗಿ ಎಷ್ಟೋ ವರ್ಷಗಳಾದ ಮೇಲೆ, ಪೂರ್ಣ ಜನರಲ್ ದರ್ಜೆಯ ನಾಲ್ಕನೆಯ ನಕ್ಷತ್ರ. ಅಮೆರಿಕನ್ನರಿಗೆ ಆಶ್ರಯ ಕೊಟ್ಟ ಚೀನಾದ ಹಳ್ಳಿಗಳಿಗೆ ಸಿಕ್ಕಿದ್ದು ಜಪಾನಿ ಸೈನ್ಯದ ಸೇಡು. ಸತ್ತವರು ಎರಡೂವರೆ ಲಕ್ಷ ಎಂಬ ಅಂದಾಜಿದೆ. ಅವರ ಎದೆಗೆ ಯಾರೂ ಏನನ್ನೂ ಚುಚ್ಚಲಿಲ್ಲ.

ಲಿಯೊನಾರ್ಡ್‌ಗೂ ಅವನು ಕೇಳಿದ ಕೆಲಸ ಸಿಕ್ಕಿತು. 1943ರ ಜನವರಿ, ಅಲ್ಜೀರಿಯಾದ ಯೂಕ್ಸ್-ಲೆ-ಬ್ಯಾಂ. ವಿಮಾನವನ್ನು ಅವನ ವಶಕ್ಕೆ ಬಿಟ್ಟು ಡೂಲಿಟಲ್ ಹೊರಗೆ ಹೋಗಿದ್ದಾಗ ರಾತ್ರಿ ಜರ್ಮನ್ನರ ದಾಳಿ. ಮರಳಿ ಬಂದು ಹುಡುಕಿದಾಗ ಸಿಕ್ಕಿದ್ದು ಒಂದು ಎಡಗೈ ಮಾತ್ರ. ಮಣಿಕಟ್ಟಿನಲ್ಲಿ ಗಡಿಯಾರ ಹಾಗೇ ಇತ್ತು.

ಇಲ್ಲಿಗೆ ಬಂದು ನಾನು ಓದು ನಿಲ್ಲಿಸಿದೆ, ಮಾರಾಯ.

ನಿನಗೆ ಸುದ್ದಿ ತಲುಪಿಯೇ ಇರುತ್ತದೆ: ಹೋದ ತಿಂಗಳು ನನಗೆ ಸನ್ಮಾನವಾಯಿತು. ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಕಟ್ಟು ಹಾಕಿಸಿದ ಬಿನ್ನವತ್ತಳೆ. ಇಪ್ಪತ್ತೆಂಟು ವರ್ಷ ನಾಟಕ ಮಾಡಿಸಿದ್ದಕ್ಕೆ. ಬಿನ್ನವತ್ತಳೆಯನ್ನು ಬರೆದವನು ನಾನೇ. ‘ವಿವರ ನಿಮಗೇ ಚೆನ್ನಾಗಿ ಗೊತ್ತಲ್ಲ ಸಾರ್, ಒಂದು ಪುಟ ಬರೆದು ಕೊಟ್ಟುಬಿಡಿ’ ಎಂದರು. ‘ಮಾನ್ಯರೇ’ ಎಂದು ನನ್ನನ್ನು ನಾನೇ ಕರೆದುಕೊಂಡು ಬರೆದುಕೊಟ್ಟೆ. ಇದು ನಮ್ಮಲ್ಲಿ ಹೊಸದೇನಲ್ಲ, ಓದುವವರಲ್ಲಿ ಕೆಲವರು ಈಗ ಕೆಮ್ಮುತ್ತಿರಬೇಕು. ಅದರ ಎರಡನೆಯ ಸಾಲು: ‘ತಮ್ಮ ಪ್ರಪ್ರಥಮ ಪ್ರಯೋಗದಿಂದಲೇ ಜನಮನ ಸೂರೆಗೊಂಡವರು ತಾವು.’

ಪ್ರಪ್ರಥಮ ಪ್ರಯೋಗದ ರಾತ್ರಿ ಏನಾಯಿತೆಂದು ಬಲ್ಲವರು ಇಬ್ಬರೇ. ಗಾಳಿಮಳೆಗೆ ಶಾಮಿಯಾನ ಮಲಗಿತ್ತು, ಜನ ಟಿಕೆಟ್ಟಿನ ಹಣ ವಾಪಸ್ ಕೇಳುತ್ತಿದ್ದರು, ನಾನು ಜನರೇಟರಿನ ಹಿಂದೆ ಕುಳಿತು ಅಳುತ್ತಿದ್ದೆ. ದ್ವಾರಪಾಲಕನ ಪಾತ್ರಕ್ಕೆ ಅಂಟಿಸಿದ್ದ ಮೀಸೆಯನ್ನೂ ಕೀಳದೆ ಹೋಗಿ, ಶಾಮಿಯಾನದವನಲ್ಲಿ ನಿನ್ನ ಸೈಕಲ್ ಒತ್ತೆಯಿಟ್ಟು ನನ್ನನ್ನು ಬಿಡಿಸಿಕೊಂಡು ಬಂದವನು ನೀನು. ಆ ಸೈಕಲ್ಲನ್ನು ಬಿಡಿಸಿದ್ದು ನಿನ್ನ ಅಪ್ಪ. ನಾನಲ್ಲ.

ಆಹ್ವಾನ ಪತ್ರಿಕೆ ಅಂಚೆಯಲ್ಲಿ ತಪ್ಪಿಹೋಗಿರಬೇಕು ಎಂದು ನಿನ್ನ ತಂಗಿಗೆ ಹೇಳಿದೆನಲ್ಲ, ಅದು ಸುಳ್ಳು. ಕಳುಹಿಸಲೇ ಇಲ್ಲ. ಲಕೋಟೆಯ ಮೇಲೆ ನಿನ್ನ ವಿಳಾಸ ಬರೆದಿದ್ದೆ, ಅಂಚೆ ಚೀಟಿಯನ್ನೂ ಹಚ್ಚಿದ್ದೆ. ನೀನು ಮುಂದಿನ ಸಾಲಿನಲ್ಲಿ ಕುಳಿತಿರುವಾಗ ಆ ಎರಡನೆಯ ಸಾಲನ್ನು ಧ್ವನಿವರ್ಧಕದಲ್ಲಿ ಕೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ನೀನು ನಗುತ್ತೀಯೆಂಬ ಭಯವಲ್ಲ. ನೀನು ನಗದೆ ಎಲ್ಲರ ಜೊತೆ ಚಪ್ಪಾಳೆ ತಟ್ಟಿಬಿಡುತ್ತೀಯೆ ಎಂಬ ಭಯ.

ಆ ಎಂಬತ್ತು ಜನರ ಹೆಸರಿನಲ್ಲಿ ಅಮೆರಿಕದ ಟೂಸಾನ್ ನಗರ 1959ರಲ್ಲಿ ಎಂಬತ್ತು ಬೆಳ್ಳಿಯ ಬಟ್ಟಲು ಕೊಟ್ಟಿತ್ತಂತೆ. ಒಬ್ಬೊಬ್ಬರು ತೀರಿಕೊಂಡಂತೆ ಅವರ ಬಟ್ಟಲನ್ನು ಬೋರಲು ಹಾಕುತ್ತಿದ್ದರು; ಎರಡು ರೀತಿಯಲ್ಲೂ ಓದಲು ಬರಲೆಂದು ಪ್ರತಿ ಬಟ್ಟಲ ಮೇಲೆ ಹೆಸರನ್ನು ನೆಟ್ಟಗೊಮ್ಮೆ, ತಲೆಕೆಳಗಾಗಿ ಒಮ್ಮೆ ಕೆತ್ತಿದ್ದರು. ಲಿಯೊನಾರ್ಡ್‌ನ ಬಟ್ಟಲು ಮೊದಲ ದಿನದಿಂದಲೂ ಬೋರಲೇ ಇದ್ದಿರಬೇಕು. ನಮ್ಮ ಲೋಟಗಳು ಇನ್ನೂ ನೆಟ್ಟಗಿವೆ, ಸಕ್ಕರೆ ಇಲ್ಲದ ಕಾಫಿಗೆ.

ಬರೆಯಬೇಕೆಂದಿದ್ದಕ್ಕಿಂತ ಜಾಸ್ತಿ ಬರೆದೆ. ಅಳಿಸೋಣವೆಂದುಕೊಂಡರೆ ಮಗಳು ಆಗಲೇ ಓದಿ ‘ಅಪ್ಪ, ಆ ಸೈಕಲ್ ಎಷ್ಟಿತ್ತು?’ ಎಂದು ಕೇಳುತ್ತಿದ್ದಾಳೆ. ಪೇಟವನ್ನು ಬೆಕ್ಕು ಹಾಸಿಗೆ ಮಾಡಿಕೊಂಡಿದೆ. ಶಾಲನ್ನು ಇವಳು ಇಸ್ತ್ರಿ ಮೇಜಿಗೆ ಹಾಸಿದ್ದಾಳೆ. ಬಿನ್ನವತ್ತಳೆ ಗೋಡೆಯ ತೇವವನ್ನು ಚೆನ್ನಾಗಿ ಮುಚ್ಚಿದೆ.

ಭಾನುವಾರ ಬಾ. ಎರಡನೆಯ ಸಾಲನ್ನು ನೀನೇ ಜೋರಾಗಿ ಓದುವೆಯಂತೆ. ಮೂರನೆಯ ಬೆಲ್ ಹೊಡೆಯುವವರೆಗೆ ಕಾಯಿಸಬೇಡ.

ನಿನ್ನ,
ಕಂಪನಿ ಮಾಲೀಕ