ಬ್ರಿಜಿಡ್ ಹಬ್ಬದ ತರಗತಿಯ ಕುರಿತು ಪೋಷಕರಿಗೆ ಪತ್ರ

ಡಬ್ಲಿನ್

ಮಾನ್ಯ ಪೋಷಕರೇ,

ನಮಸ್ಕಾರ. ಜನವರಿಯ ಕೊನೆಯ ಶನಿವಾರದ ಕನ್ನಡ ತರಗತಿಯಲ್ಲಿ ಮಕ್ಕಳಿಗೆ ಐರ್ಲೆಂಡಿನ ಸಂತ ಬ್ರಿಜಿಡ್ ಹಬ್ಬದ ಕಥೆಗಳನ್ನು ಹೇಳಿ, ಜೊಂಡುಹುಲ್ಲಿನಲ್ಲಿ ಶಿಲುಬೆ ಹೆಣೆಯುವುದನ್ನು ಕಲಿಸಲು ನಿಶ್ಚಯಿಸಿದ್ದೇವೆ. ಕನ್ನಡ ಕಲಿಯಲು ಬರುವ ಮಕ್ಕಳಿಗೆ ಇದೇಕೆ ಎಂದು ಕೆಲವರು ಕೇಳಿದ್ದೀರಿ. ಈ ಕಥೆಗಳನ್ನು ಮಕ್ಕಳು ತಮ್ಮ ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಕೇಳಿರುತ್ತಾರೆ; ಆದರೆ ಊರಿನಿಂದ ಅಜ್ಜಿ ಫೋನ್ ಮಾಡಿ, “ಅಲ್ಲಿ ಈಗ ಯಾವ ಹಬ್ಬ, ಮಗೂ?” ಎಂದರೆ ಮಾತು ಸಿಗದೆ ತಡವರಿಸುತ್ತಾರೆ. ತಾವು ಬೆಳೆಯುತ್ತಿರುವ ನೆಲದ ಹಬ್ಬವನ್ನು ಹೇಳಲಾಗದ ಕನ್ನಡ ಈ ಮಕ್ಕಳ ಬದುಕಿಗೆ ಸಾಲದು ಎಂಬುದು ನನ್ನ ದೃಢ ಅಭಿಪ್ರಾಯ.

ಫೆಬ್ರವರಿ 1 ಐರಿಶ್ ಪದ್ಧತಿಯಲ್ಲಿ ವಸಂತದ ಮೊದಲ ದಿನ. ಕಿಲ್ಡೇರಿನಲ್ಲಿ ಮಠ ಸ್ಥಾಪಿಸಿದರೆಂದು ಹೇಳಲಾಗುವ ಬ್ರಿಜಿಡ್ ಅವರ ಹೆಸರಿನಲ್ಲಿ 2023ರಿಂದ ಸಾರ್ವಜನಿಕ ರಜೆಯೂ ಇದೆ; ಮಹಿಳೆಯೊಬ್ಬರ ಹೆಸರಿನ ರಜೆ ಈ ದೇಶದಲ್ಲಿ ಇದೇ ಮೊದಲನೆಯದು. ಸಾವಿನಂಚಿನಲ್ಲಿದ್ದ ಒಬ್ಬ ನಾಯಕನ ಹಾಸಿಗೆಯ ಪಕ್ಕ ಕುಳಿತಿದ್ದಾಗ ಅವರು ನೆಲಕ್ಕೆ ಹಾಸಿದ್ದ ಜೊಂಡನ್ನೇ ಎತ್ತಿಕೊಂಡು ಶಿಲುಬೆ ಹೆಣೆಯುತ್ತ ಅದರ ಅರ್ಥ ವಿವರಿಸಿದರೆಂಬುದು ಜನಪದ ಕಥೆ. ಅದನ್ನು ಬಾಗಿಲ ಮೇಲೋ ಮಾಡಿನ ತೊಲೆಗೋ ಸಿಕ್ಕಿಸಿದರೆ ಮನೆಗೆ ಬೆಂಕಿಯ ಭಯವಿಲ್ಲವೆಂದು ಹಳ್ಳಿಯ ಜನ ನಂಬಿದ್ದರು. 1961ರ ಕೊನೆಯ ದಿನ ಆರಂಭವಾದ ಐರಿಶ್ ದೂರದರ್ಶನವೂ ಬಹುಕಾಲ ಇದನ್ನೇ ಲಾಂಛನವಾಗಿ ಬಳಸಿತು.

ಶಿಲುಬೆ ಎಂದಾಗ ಇದು ಮತದ ಆಚರಣೆಯಲ್ಲವೇ ಎಂಬ ಅಳುಕು ಕೆಲವರಲ್ಲಿದೆ. ಕ್ರೈಸ್ತ ಕಥೆಯನ್ನು ಮರೆಮಾಚಿ ಬರಿಯ ಕೈಕೆಲಸವೆಂದು ಕಲಿಸುವುದು ನನಗೆ ಒಪ್ಪಿಗೆಯಿಲ್ಲ; ಕಾವ್ಯ, ವೈದ್ಯ, ಕಮ್ಮಾರಿಕೆಗಳೊಡನೆ ನಂಟಿದ್ದ ಬ್ರಿಜಿಡ್ ಎಂಬ ಹೆಸರಿನ ದೇವತೆ ಇಲ್ಲಿನ ಹಳೆಯ ಬರಹಗಳಲ್ಲಿ ಇದ್ದಾಳೆಂಬುದನ್ನೂ ಮಕ್ಕಳಿಗೆ ಹೇಳುತ್ತೇವೆ. ತರಗತಿಯಲ್ಲಿ ಪ್ರಾರ್ಥನೆ ಇರುವುದಿಲ್ಲ. ಆದರೂ ಬೇಡವೆನಿಸಿದವರು ನನಗೆ ತಿಳಿಸಿದರೆ, ನಿಮ್ಮ ಮಗು ಆ ಹೊತ್ತಿನಲ್ಲಿ ರಾಜನ ಕಥೆಯ ಚಿತ್ರ ಬರೆಯಬಹುದು: ಬ್ರಿಜಿಡ್ ತಮ್ಮ ಮೇಲುಹೊದಿಕೆ ಮುಚ್ಚುವಷ್ಟೇ ನೆಲ ಸಾಕೆಂದು ಲೆನ್‌ಸ್ಟರಿನ ರಾಜನನ್ನು ಬೇಡಿದಾಗ, ಹಾಸಿದ ಬಟ್ಟೆ ಹಿಗ್ಗುತ್ತ ಹಿಗ್ಗುತ್ತ ಬಯಲನ್ನೆಲ್ಲ ಆವರಿಸಿತಂತೆ.

ಜೊಂಡನ್ನು ಕತ್ತರಿಸದೆ ಕೈಯಿಂದಲೇ ಕೀಳುವುದು ವಾಡಿಕೆ. ಒಂದು ಎಳೆಯನ್ನು ನೆಟ್ಟಗೆ ಹಿಡಿದು, ಇನ್ನೊಂದನ್ನು ನಡುವೆ ಮಡಚಿ ಅದಕ್ಕೆ ಸುತ್ತಿ, ಕಾಲು ಸುತ್ತು ತಿರುಗಿಸಿ ಮತ್ತೊಂದನ್ನು ಮಡಚಬೇಕು. ಹೀಗೆ ನಡುವಿನಲ್ಲಿ ಚೌಕ ಮೂಡುತ್ತದೆ, ಆಮೇಲೆ ನಾಲ್ಕು ತುದಿಗಳನ್ನೂ ದಾರದಿಂದ ಕಟ್ಟಬೇಕು. ಹೆಬ್ಬೆರಳು ಸಡಿಲಿದರೆ ಎಲ್ಲವೂ ಬಿಚ್ಚಿಹೋಗುವುದರಿಂದ ಚಿಕ್ಕ ಮಕ್ಕಳ ಪಕ್ಕದಲ್ಲಿ ಹಿರಿಯರೊಬ್ಬರು ಇರಬೇಕಾಗುತ್ತದೆ. ಬಿಡುವಿರುವ ತಂದೆತಾಯಿಯರು ದಯವಿಟ್ಟು ಉಳಿಯಿರಿ. ಮೂರು ತೋಳಿನ ಶಿಲುಬೆಯೂ ಉಂಟು. ಅದನ್ನು ದನದ ಕೊಟ್ಟಿಗೆಯಲ್ಲಿ ಕಟ್ಟುತ್ತಿದ್ದರು.

ಹುಲ್ಲು ಒದ್ದೆಯಿರುವುದರಿಂದ ಮಗುವಿನ ಜೊತೆ ಒಂದು ಹಳೆಯ ಟವೆಲ್ ಕಳುಹಿಸಿ. ಬೇರೊಂದು ಸಣ್ಣ ಬಟ್ಟೆಯ ತುಂಡನ್ನೂ ಕೊಡಿ: ಹಬ್ಬದ ಹಿಂದಿನ ರಾತ್ರಿ ಹೊರಗೆ ಹರವಿದ ಬಟ್ಟೆಯನ್ನು ಬ್ರಿಜಿಡ್ ಮುಟ್ಟಿ ಹೋಗುತ್ತಾರೆ, ಅದಕ್ಕೆ ನೋವು ಶಮನಗೊಳಿಸುವ ಗುಣ ಬರುತ್ತದೆ ಎಂಬ ನಂಬಿಕೆಯನ್ನು ಅದರ ಮೂಲಕ ವಿವರಿಸುತ್ತೇವೆ. ಹೆಣೆದದ್ದನ್ನು ಮಕ್ಕಳು ಮನೆಗೆ ತಂದ ಸಂಜೆ ದಯವಿಟ್ಟು ಅಜ್ಜಿ ತಾತಂದಿರಿಗೆ ವಿಡಿಯೊ ಕರೆ ಮಾಡಿ, ಕಥೆಯನ್ನು ಮಗುವೇ ಹೇಳಲಿ. ತಡವರಿಸಿದರೂ ನಡುವೆ ನೀವು ಹೇಳಿಕೊಡಬೇಡಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ವಾರಾಂತ್ಯದ ಕನ್ನಡ ತರಗತಿ